ಕಾಲಲ್ಲಿ ನುಡಿಸುವ ಸ್ವರಹಾಸು: ಮೊದಲ ಮಾದರಿ ಮಾಡುವ ಬಗೆ

1988ರ ‘ಬಿಗ್’ ಎಂಬ ಇಂಗ್ಲಿಷ್ ಚಲನಚಿತ್ರದಲ್ಲಿ ಇಬ್ಬರು ನೆಲದ ಮೇಲಿನ ದೊಡ್ಡ ಪಿಯಾನೋವನ್ನು ಕುಣಿಯುತ್ತಲೇ ನುಡಿಸುತ್ತಾರೆ. ಅದನ್ನು ರೂಪಿಸಿದವರು ರೆಮೋ ಸಾರಸೇನಿ. ಚಿತ್ರದ ಪಿಯಾನೋ ಸುಮಾರು 16 ಅಡಿ ಉದ್ದ. ಅದಕ್ಕೂ ಮೊದಲು ಅವರು ಚಿಕ್ಕದೊಂದನ್ನು ಮಾಡಿದ್ದರು. ತರಗತಿಗೆ ಇಂಥದ್ದನ್ನು ತರಬಯಸುವ ಪ್ರಶಿಕ್ಷಣಾರ್ಥಿಗಳೂ ಚಿಕ್ಕದರಿಂದಲೇ ತೊಡಗಬೇಕು.

ನಾವು ಆರಿಸಿಕೊಂಡದ್ದು ಮೋಹನ ರಾಗದ ಐದು ಸ್ವರಗಳು: ಸ, ರಿ, ಗ, ಪ, ದ. ಮೇಕಿ ಮೇಕಿ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನ ನಾಲ್ಕು ಬಾಣದ ಕೀಲಿಗಳು ಮತ್ತು ಸ್ಪೇಸ್ ಕೀಲಿ ಇವಕ್ಕೆ ಸಾಕು.

ಮೊದಲ ಹಂತಕ್ಕೆ ವಿದ್ಯುತ್ ಬೇಡ. ಸೀಮೆಸುಣ್ಣದಿಂದ ನೆಲದ ಮೇಲೆ ಐದು ಮನೆ ಬರೆಯಿರಿ. ಮಗು ಯಾವ ಮನೆ ತುಳಿಯುತ್ತದೋ ಆ ಸ್ವರವನ್ನು ಒಬ್ಬ ಪ್ರಶಿಕ್ಷಣಾರ್ಥಿ ಹಾಡಲಿ. ಮನೆ ಕಿರಿದಾಯಿತೇ, ಇಬ್ಬರು ಒಟ್ಟಿಗೆ ನುಗ್ಗುತ್ತಾರೆಯೇ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ.

ಎರಡನೆಯ ಹಂತದಲ್ಲಿ ಒಂದೇ ಮನೆ ಮಾಡಿ. ಎರಡು ರಟ್ಟುಗಳ ಒಳಮೈಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ, ನಡುವೆ ತೂತು ಮಾಡಿದ ತೆಳು ಸ್ಪಂಜು ಇಡಿ. ಒಂದು ಹಾಳೆಯಿಂದ ಬೋರ್ಡಿನ ‘ಅರ್ತ್’ಗೆ, ಇನ್ನೊಂದರಿಂದ ಕೀಲಿಗೆ ತಂತಿ ಎಳೆಯಿರಿ. ತುಳಿದಾಗ ತೂತುಗಳಲ್ಲಿ ಹಾಳೆಗಳು ಕೂಡಿ ಮಂಡಲ ಪೂರ್ಣವಾಗುತ್ತದೆ. ಲ್ಯಾಪ್‌ಟಾಪ್ ಅದನ್ನು ಕೀಲಿ ಒತ್ತಿದಂತೆ ಓದುತ್ತದೆ. ಸ್ಕ್ರ್ಯಾಚ್‌ನಲ್ಲಿ ಜೋಡಿಸಿದ ಸ್ವರ ಕೇಳಿಸುತ್ತದೆ. ತುಳಿದರೂ ನುಡಿಯದಿದ್ದರೆ ತೂತು ಹಿಗ್ಗಿಸಿ ಅಥವಾ ಸ್ಪಂಜು ತೆಳುವಾಗಿಸಿ. ಕಾಲು ತೆಗೆದರೂ ನಿಲ್ಲದಿದ್ದರೆ ಇದರ ತಿರುಗುಮುರುಗು ಮಾಡಿ. ಸ್ಪಂಜು ಒದ್ದೆಯಾಗಬಾರದು, ಈ ಬೋರ್ಡು ತೇವದ ಮೂಲಕವೂ ಸಂಪರ್ಕ ಗುರುತಿಸುತ್ತದೆ.

ಒಂದು ಮನೆ ಸರಿಯಾದ ಮೇಲಷ್ಟೇ ಉಳಿದ ನಾಲ್ಕು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯಲಿ. ಗೋಡೆಯ ಪ್ಲಗ್ಗಿನ ವಿದ್ಯುತ್ ಹಾಸಿನ ಹತ್ತಿರವೂ ಬರಬಾರದು. ಹಾಸು ಜಾರದಂತೆ ಅಂಚಿಗೆ ಟೇಪು ಹಚ್ಚಿ.

ನಮ್ಮ ತಪ್ಪನ್ನೂ ಹೇಳಬೇಕು. ನಾವು ಹಾಸನ್ನು ತುಳಿದು ಪರೀಕ್ಷಿಸಿದ್ದೆಲ್ಲ ದೊಡ್ಡವರೇ. ಪಾಠದ ದಿನ ಮೂರನೆಯ ತರಗತಿಯ ಸಣಕಲು ಹುಡುಗಿಯೊಬ್ಬಳು ‘ದ’ ತುಳಿದಳು, ನುಡಿಯಲಿಲ್ಲ. “ಜೋರಾಗಿ ತುಳಿ ಪುಟ್ಟಿ” ಎಂದರು ಪ್ರಶಿಕ್ಷಣಾರ್ಥಿ. ಅವಳು ಎಗರಿದಳು; ಆಗಲೂ ಇಲ್ಲ. ಉಳಿದವರು ನಕ್ಕರು. ಅವಳು ಸಾಲಿನ ಕೊನೆಗೆ ಹೋಗಿ ನಿಂತಳು. ಅವಲೋಕನ ಪುಸ್ತಕದಲ್ಲಿ “ಮಗು ಸಕ್ರಿಯವಾಗಿ ಭಾಗವಹಿಸಲಿಲ್ಲ” ಎಂದು ಬರೆದಿತ್ತು. ಭಾಗವಹಿಸದೇ ಇದ್ದದ್ದು ನಮ್ಮ ರಟ್ಟು, ಮಗುವಲ್ಲ.

ಮರುದಿನ ಆ ಮನೆಯ ತೂತುಗಳನ್ನು ಹಿಗ್ಗಿಸಿ, ಮೊದಲು ಅವಳನ್ನೇ ಕರೆದು “ಎಲ್ಲಿ ಸರಿಯಿಲ್ಲ, ನೋಡಿ ಹೇಳಮ್ಮ” ಎಂದೆವು. ಐದೂ ಮನೆ ತುಳಿದು, “ರಿ ಸ್ವಲ್ಪ ಗಟ್ಟಿ ಇದೆ ಮಿಸ್” ಎಂದಳು. ಅದನ್ನೂ ಸರಿಮಾಡಿದೆವು.

ಪಾಠಯೋಜನೆಯ ಸಿದ್ಧತೆಯ ಕಲಮಿನಲ್ಲಿ ಈಗ ಒಂದು ಸಾಲು ಸೇರಿಸಿದ್ದೇವೆ: ಉಪಕರಣವನ್ನು ತರಗತಿಯ ಅತಿ ಹಗುರ ಮಗು ಬಳಸಿ ನೋಡಿದೆಯೇ?