ಅಂಟಿನ ಜೊತೆ ಕುಸ್ತಿ ಬೇಡ

ನಮ್ಮ ಮನೆಯ ಓಮ್ನಿಗೆ ಗಿರಾಕಿ ಸಿಕ್ಕಿದ್ದು ಒಂದು ಶುಕ್ರವಾರ. ಬಂದವರು ಇಂಜಿನ್ ಸದ್ದು ಕೇಳಿ, ಟೈರು ಒತ್ತಿ ನೋಡಿ, ತೊಂಬತ್ತು ಸಾವಿರಕ್ಕೆ ಒಪ್ಪಿದರು. ಹೊರಡುವಾಗ, ‘ಈ ಸ್ಟಿಕ್ಕರ್ ಎಲ್ಲ ತೆಗೆದಿಡಿ, ಭಾನುವಾರ ಬಂದು ಗಾಡಿ ತಗೊಂಡು ಹೋಗ್ತೀವಿ’ ಎಂದರು. ಅಪ್ಪ ನನ್ನ ಕಡೆ ಕೈ ತೋರಿಸಿ, ‘ನಮ್ಮ ಇಂಜಿನಿಯರ್ ಇದ್ದಾನಲ್ಲ, ತೆಗೀತಾನೆ ಬಿಡಿ’ ಎಂದು ನಕ್ಕರು. ನಾನು ಉಬ್ಬಿಹೋದೆ.

ಬೂವನಹಳ್ಳಿಯಿಂದ ಹಾಸನದ ಶಾಲೆಗಳಿಗೆ ಮಕ್ಕಳನ್ನು ಕರೆದೊಯ್ಯಲು ಅಪ್ಪ ಹತ್ತು ವರ್ಷ ಓಡಿಸಿದ ಸೆಕೆಂಡ್ ಹ್ಯಾಂಡ್ ಗಾಡಿ ಅದು. ಶಾಲೆಗಳೇ ಬಸ್ ಬಿಟ್ಟ ಮೇಲೆ ನಮ್ಮ ಗಾಡಿಗೆ ಮಕ್ಕಳು ಕಡಿಮೆಯಾದರು. ಅದೇ ಹೊತ್ತಿಗೆ ನನ್ನ ಬಿ.ಇ. ಮೂರನೇ ವರ್ಷದ ಫೀಸು ಕಟ್ಟುವ ದಿನ ಹತ್ತಿರ ಬಂತು. ಗಾಡಿ ಮಾರುವುದು ಯಾಕೆಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಗಾಡಿಯ ಎರಡೂ ಪಕ್ಕದಲ್ಲಿ ‘ಶಾಲಾ ಮಕ್ಕಳಿದ್ದಾರೆ’ ಎಂಬ ಹಳದಿ ಸ್ಟಿಕ್ಕರ್. ಹಿಂದಿನ ಗಾಜಿನ ಮೇಲೆ ನನ್ನ ಮತ್ತು ತಂಗಿಯ ಹೆಸರು. ಮುಂದಿನ ಗಾಜಿನ ಒಳಗೆ ಫಾಸ್ಟ್ಯಾಗ್. ಪಕ್ಕದ ಗಾಜುಗಳ ಅಂಚಿನಲ್ಲಿ ಹಳೆಯ ಕಪ್ಪು ಫಿಲ್ಮಿನ ಅಂಟು. 2012ರಲ್ಲಿ ಸುಪ್ರೀಂ ಕೋರ್ಟ್ ವಾಹನಗಳ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದೆಂದು ಆದೇಶಿಸಿದಾಗ ಮೊದಲಿನ ಮಾಲೀಕರು ಅವಸರದಲ್ಲಿ ಕಿತ್ತಿರಬೇಕು. ಫಿಲ್ಮ್ ಹೋಗಿತ್ತು, ಅಂಟು ಹಾಗೇ ಉಳಿದಿತ್ತು.

ಶನಿವಾರ ಬೆಳಿಗ್ಗೆ ಕೆಲಸ ಶುರು ಮಾಡಿದೆ. ಉಗುರಿನಿಂದ ಕೆರೆದರೆ ಸ್ಟಿಕ್ಕರ್ ಚೂರು ಚೂರಾಗಿ ಬಂತು. ಪ್ಲಾಸ್ಟಿಕ್ ಹಾಳೆ ಕಿತ್ತುಬಂದ ಕಡೆಯೆಲ್ಲ ಅಂಟು ಉಳಿದು, ಅದರ ಮೇಲೆ ರಸ್ತೆಯ ದೂಳು ಕೂತು ಕಪ್ಪಾಯಿತು. ತಾಳ್ಮೆ ಕೆಟ್ಟಿತು. ಗೇಟಿಗೆ ಬಣ್ಣ ಹೊಡೆಯಲು ತಂದಿದ್ದ ಥಿನ್ನರ್ ಮನೆಯಲ್ಲಿತ್ತು. ಬಟ್ಟೆಗೆ ಸುರಿದು ಎಡಗಡೆ ಉಜ್ಜಿದೆ. ಅಂಟು ಬೆಣ್ಣೆಯಂತೆ ಬಂತು. ಅದೇ ಹುಮ್ಮಸ್ಸಿನಲ್ಲಿ ಬಲಗಡೆಯ ಬಾಗಿಲಿಗೂ ಉಜ್ಜಿದೆ. ಬಟ್ಟೆ ನೋಡಿದರೆ ಅಂಟಿನ ಜೊತೆಗೆ ಬಿಳಿ ಬಣ್ಣವೂ ಬಂದಿತ್ತು. ಬಾಗಿಲಿನ ಮೇಲೆ ಅಂಗೈ ಅಗಲದ ಬೂದು ಪ್ರೈಮರ್ ಕಾಣುತ್ತಿತ್ತು. ನನ್ನ ಎದೆ ಧಸಕ್ಕೆಂದಿತು.

ಅಪ್ಪ ಬೈಯಲಿಲ್ಲ. ‘ಅಲ್ಲ ಕಣೋ, ಆ ಬಾಗಿಲಿಗೆ ಆಟೋ ತಾಗಿ ಬಣ್ಣ ಮಾಡಿಸಿದ್ದೆ. ಒಂದು ಮಾತು ಕೇಳಬಾರದಾಗಿತ್ತಾ?’ ಎಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಊರಿನ ಕಡೆಯ ಪೇಂಟರ್ ಅಣ್ಣನೊಬ್ಬನನ್ನು ಕರೆತಂದೆ. ಅವನು ಬಾಗಿಲು ನೋಡಿ ನಕ್ಕ: ‘ಅಂಟಿನ ಜೊತೆ ಕುಸ್ತಿ ಆಡಬಾರದು ಕಣಪ್ಪ, ನೆನೆಯೋಕೆ ಬಿಡಬೇಕು.’ ಕಂಪನಿಯಲ್ಲಿ ಹೊಡೆದ ಬಣ್ಣವನ್ನು ಒಲೆಯಂಥ ಕೋಣೆಯಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ, ಅದು ಸ್ವಲ್ಪ ಹೊತ್ತು ತಡೆಯುತ್ತದೆ. ಗ್ಯಾರೇಜಿನಲ್ಲಿ ಹಚ್ಚಿ ಗಾಳಿಗೆ ಒಣಗಿಸಿದ ಬಣ್ಣ ಹಲವು ಸಲ ಅದೇ ಥಿನ್ನರ್‌ನಲ್ಲಿ ಮತ್ತೆ ಕರಗುತ್ತದೆ. ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಪಾಲಿಮರ್ ಪಾಠ ಓದಿ ಪಾಸಾದವನು ನಾನು. ಪುಸ್ತಕದ ಪಾಲಿಮರ್ ನಮ್ಮ ಓಮ್ನಿಯ ಬಾಗಿಲ ಮೇಲಿದೆ ಎಂದು ಹೊಳೆದಿರಲೇ ಇಲ್ಲ.

ಸ್ಟಿಕ್ಕರ್ ಅಂಟು ಪೂರ್ತಿ ಘನವೂ ಅಲ್ಲ, ದ್ರವವೂ ಅಲ್ಲ. ಸರಕ್ಕನೆ ಎಳೆದರೆ ಗಟ್ಟಿಯಾಗಿ ಹಿಡಿಯುತ್ತದೆ, ಬಿಸಿ ಕೊಟ್ಟು ನಿಧಾನಕ್ಕೆ ಎಳೆದರೆ ಸಡಿಲವಾಗುತ್ತದೆ. ಬಿಸಿಲಿಗೆ ಹಳೆಯದಾದ ಸ್ಟಿಕ್ಕರ್ ಗರಿಗರಿಯಾಗಿ ಮುರಿಯುವುದರಿಂದ ಬಿಸಿ ಇನ್ನೂ ಮುಖ್ಯ. ಆ ಮಧ್ಯಾಹ್ನ ಅವನು ತೋರಿಸಿದ ಕ್ರಮ ಇದು.

ಮೊದಲು ಗಾಡಿಯನ್ನು ಶಾಂಪೂ ಹಾಕಿ ತೊಳೆಯಬೇಕು. ದೂಳಿದ್ದಾಗ ಉಜ್ಜಿದರೆ ಅದೇ ಉಪ್ಪುಕಾಗದವಾಗುತ್ತದೆ. ಗಾಡಿ ನೆರಳಿನಲ್ಲಿರಲಿ. ಸ್ಟಿಕ್ಕರ್ ಮೇಲೆ ಹೇರ್ ಡ್ರೈಯರ್ ಆಡಿಸಿ, ಇಲ್ಲದಿದ್ದರೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಇಡಿ. ಕುದಿಯುವ ನೀರು ಗಾಜಿನ ಮೇಲೆ ಬೇಡವೇ ಬೇಡ, ಬಿರುಕು ಬಿಡಬಹುದು. ಒಂದು ಮೂಲೆ ಎತ್ತಿ, ಸ್ಟಿಕ್ಕರನ್ನು ಹಿಂದಕ್ಕೆ ಮಡಚಿದಂತೆ ನಿಧಾನಕ್ಕೆ ಎಳೆಯಿರಿ. ಕೆರೆಯಲೇಬೇಕಾದರೆ ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು.

ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹದಿನೈದು ಇಪ್ಪತ್ತು ನಿಮಿಷ ಬಿಡಿ, ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಜಗ್ಗದಿದ್ದರೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಬಹುದು. ಯಾವುದನ್ನೇ ಆದರೂ ಮೊದಲು ಕಣ್ಣಿಗೆ ಬೀಳದ ಜಾಗದಲ್ಲಿ ಹಚ್ಚಿ, ಬಟ್ಟೆಗೆ ಬಣ್ಣ ಬರುತ್ತದೆಯೇ ನೋಡಿ. ನಾನು ತಪ್ಪಿದ್ದು ಇಲ್ಲೇ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಬಣ್ಣದ ಹತ್ತಿರವೂ ಬೇಡ, ಪ್ಲಾಸ್ಟಿಕ್ ಹೆಡ್‌ಲೈಟಿನ ಹತ್ತಿರವೂ ಬೇಡ. ಪೆಟ್ರೋಲ್‌ನಿಂದ ಒರೆಸುವವರನ್ನು ನೋಡಿದ್ದೇನೆ, ಬೆಂಕಿಯ ಜೊತೆ ಆಟ ಅದು. ಕೊನೆಗೆ ಮತ್ತೆ ಶಾಂಪೂ ನೀರಿನಿಂದ ತೊಳೆದು ವ್ಯಾಕ್ಸ್ ಹಚ್ಚಿದರೆ ಮುಗಿಯಿತು.

ಗಾಜಿಗೆ ಎಣ್ಣೆ, ಆಲ್ಕೋಹಾಲ್‌ನಿಂದ ಏನೂ ಆಗದು. ಗಾಜನ್ನು ಸೋಪಿನ ನೀರಿನಿಂದ ಒದ್ದೆ ಮಾಡಿ, ಹೊಸ ಬ್ಲೇಡನ್ನು ಮಲಗಿಸಿದಂತೆ ಹಿಡಿದು, ಒಂದೇ ದಿಕ್ಕಿಗೆ ತಳ್ಳಬಹುದು. ಒಣ ಗಾಜಿನ ಮೇಲೆ ಬ್ಲೇಡ್ ಎಳೆದರೆ ಗೀರು ಖಾತ್ರಿ. ಕೆಲವು ಕಾರುಗಳ ಹಿಂದಿನ ಗಾಜಿನ ಒಳಗೆ ಸಣ್ಣ ಗೆರೆಗಳಿರುತ್ತವೆ. ಅವು ಮಂಜು ಕರಗಿಸುವ ಬಿಸಿ ತಂತಿಗಳು. ಅಲ್ಲಿ ಬ್ಲೇಡ್ ತಾಗಿದರೆ ತಂತಿ ತುಂಡಾಗುತ್ತದೆ. ಫಾಸ್ಟ್ಯಾಗ್ ಅನ್ನು ಕಿತ್ತರೆ ಮತ್ತೆ ಬಳಸಲು ಬರುವುದಿಲ್ಲ. ಗಾಡಿ ಮಾರುವಾಗ ಸ್ಟಿಕ್ಕರ್ ತೆಗೆದರಷ್ಟೇ ಸಾಲದು, ಅದನ್ನು ಕೊಟ್ಟ ಬ್ಯಾಂಕಿಗೆ ಹೇಳಿ ಖಾತೆಯನ್ನೂ ಮುಚ್ಚಿಸಬೇಕು.

ಹಿಂದಿನ ಗಾಜಿನಿಂದ ನಮ್ಮಿಬ್ಬರ ಹೆಸರು ಗುರುತಿಲ್ಲದಂತೆ ಹೋಯಿತು. ತಂಗಿ ಪಕ್ಕದಲ್ಲೇ ನಿಂತು ಫೋಟೊ ತೆಗೆದುಕೊಂಡಳು. ಎಡಪಕ್ಕದಲ್ಲಿ ಮಾತ್ರ ‘ಶಾಲಾ ಮಕ್ಕಳಿದ್ದಾರೆ’ ಸ್ಟಿಕ್ಕರಿನ ಚೌಕ ನೆರಳಿನಂತೆ ಉಳಿಯಿತು. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದೆ, ಸ್ಟಿಕ್ಕರ್ ಅಡಿಯದು ಮಾಸಿಲ್ಲ. ಅದು ಅಂಟಲ್ಲ, ಎಷ್ಟು ಒರೆಸಿದರೂ ಹೋಗದು. ಪಾಲಿಶ್ ಮಾಡಿಸಿದರೆ ಸ್ವಲ್ಪ ಮಂಕಾಗಬಹುದು. ಅಪ್ಪ ಅದರ ಮೇಲೆ ಕೈಯಾಡಿಸಿ, ‘ಇರಲಿ ಬಿಡು’ ಎಂದರು.

ಭಾನುವಾರ ಗಿರಾಕಿ ಬಾಗಿಲು ನೋಡಿ ಐದು ಸಾವಿರ ಕಡಿಮೆ ಮಾಡಿದರು. ಎಂಬತ್ತೈದು ಸಾವಿರ ಎಣಿಸಿಕೊಂಡ ಅಪ್ಪ, ಅದರಲ್ಲೇ ನನ್ನ ಫೀಸಿನ ಹಣ ತೆಗೆದು ನನ್ನ ಕೈಗಿಟ್ಟರು. ತಲೆ ಎತ್ತಿ ನೋಡಲಾಗಲಿಲ್ಲ.

ಈಗ ಊರಲ್ಲಿ ಯಾರಾದರೂ ಸ್ಟಿಕ್ಕರ್ ತೆಗೆಯಲು ಕರೆದರೆ ಹೋಗುತ್ತೇನೆ. ಕೊಟ್ಟಷ್ಟು ತೆಗೆದುಕೊಳ್ಳುತ್ತೇನೆ. ಸಾವಿರದ ಇನ್ನೂರು ರೂಪಾಯಿ ಕೂಡಿದೆ, ಐದು ಸಾವಿರ ಆದ ದಿನ ಅಪ್ಪನಿಗೆ ಕೊಡಬೇಕು. ಬಟ್ಟೆ, ಎಣ್ಣೆ ಹೊರಗೆ ತೆಗೆಯುವ ಮೊದಲು ಗಾಡಿಯವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ‘ಈ ಗಾಡಿಗೆ ಎಲ್ಲಾದರೂ ಬಣ್ಣ ಮಾಡಿಸಿದ್ದೀರಾ?’