ಅಂತರಜಾಲ ಮತ್ತು ಗೃಹಜೀವನ: ಬಲ್ಲವರೊಬ್ಬರ ಸಂದೇಹಗಳು

ವ್ಯಾಪಾರಸ್ಥರ ಮನೆತನಗಳಲ್ಲಿ ಬೆಳೆದ ನಮ್ಮ ಓದುಗರಿಗೆ ಕಿರ್ದಿ-ಖತಾವಣಿಗಳ ವಿಷಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಸಂಜೆ ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ ಜಮಾ-ಖರ್ಚು ತಾಳೆಯಾಗದೆ ನಾಲ್ಕಾಣೆಯ ವ್ಯತ್ಯಾಸ ಬಂದರೆ, ಆ ನಾಲ್ಕಾಣೆಯನ್ನು ತಮ್ಮ ಕಿಸೆಯಿಂದ ಹಾಕಿ ಮುಗಿಸಿಬಿಡದೆ, ತಪ್ಪು ಎಲ್ಲಿ ನುಸುಳಿತೆಂದು ನಡುರಾತ್ರಿಯವರೆಗೆ ಪುಟ ತಿರುವುತ್ತಿದ್ದ ಹಿರಿಯರನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಅಂತಹುದೇ ಜಾಯಮಾನದ ವಿದ್ವಾಂಸರೊಬ್ಬರು ಅಮೆರಿಕದಲ್ಲಿದ್ದಾರೆ. ಅವರ ಹೆಸರು ಕ್ಲಿಫರ್ಡ್ ಸ್ಟೋಲ್. ಗಣಕಯಂತ್ರವನ್ನು ಮನಸಾರೆ ಪ್ರೀತಿಸಿದವರು, ಅದರ ಒಳಹೊರಗನ್ನು ಬಲ್ಲವರು. ಆದರೂ ಅಂತರಜಾಲವು ಮನೆಮನೆಯ ಬಾಗಿಲಿಗೆ ಬರುತ್ತಿದ್ದ ಕಾಲದಲ್ಲಿ ‘ಸ್ವಲ್ಪ ತಾಳಿ’ ಎಂದು ಗಟ್ಟಿಯಾಗಿ ಕೂಗಿದವರು. ಅವರ ಕೂಗಿನಲ್ಲಿ ಎಷ್ಟು ಹುಸಿಯಾಯಿತು, ಎಷ್ಟು ಉಳಿಯಿತು ಎಂಬುದನ್ನು ಈಗ, ಮೂವತ್ತು ವರ್ಷಗಳ ತರುವಾಯ, ಗೃಹಸ್ಥರಾದ ತಾವೆಲ್ಲರೂ ಒಮ್ಮೆ ವಿಚಾರಿಸಬಹುದೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

೧೯೫೦ರಲ್ಲಿ ಬಫಲೋ ನಗರದಲ್ಲಿ ಜನಿಸಿದ ಸ್ಟೋಲ್ ಅವರು ವೃತ್ತಿಯಿಂದ ಖಗೋಳವಿಜ್ಞಾನಿ. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕೆಕ್ ದೂರದರ್ಶಕದ ವಿನ್ಯಾಸದ ಕೆಲಸದಲ್ಲಿದ್ದರು. ಅನುದಾನದ ಹಣ ಮುಗಿಯಲಾಗಿ, ೧೯೮೬ರಲ್ಲಿ ಅವರನ್ನು ಅದೇ ಸಂಸ್ಥೆಯ ಗಣಕ ವಿಭಾಗಕ್ಕೆ ಕಳುಹಿಸಲಾಯಿತು. ಆ ಕಾಲದಲ್ಲಿ ದೊಡ್ಡ ಗಣಕಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಯಾರು ಎಷ್ಟು ಕಾಲ ಬಳಸಿದರೆಂಬುದನ್ನು ಲೆಕ್ಕವಿಟ್ಟು ಶುಲ್ಕ ಹಾಕುವ ಪದ್ಧತಿಯಿತ್ತು. ಎರಡು ಸಾವಿರ ಡಾಲರಿಗೂ ಮೇಲ್ಪಟ್ಟ ತಿಂಗಳ ಲೆಕ್ಕದಲ್ಲಿ ಎಪ್ಪತ್ತೈದು ಸೆಂಟುಗಳ ವ್ಯತ್ಯಾಸ ಬಂದಿತು. ಹೊಸದಾಗಿ ಬಂದ ಈ ಖಗೋಳವಿಜ್ಞಾನಿಗೆ ಅದನ್ನು ಹುಡುಕುವ ಕೆಲಸ ವಹಿಸಿದರು.

ಹುಡುಕಲಾಗಿ, ಕೆಲವೇ ಸೆಕೆಂಡುಗಳ ಕಾಲ ಯಂತ್ರವನ್ನು ಯಾರೋ ಹಣ ಕೊಡದೆ ಬಳಸಿದ್ದು ತಿಳಿಯಿತು. ಆ ‘ಯಾರೋ’ ಸಂಸ್ಥೆಯವನಲ್ಲ. ದೂರವಾಣಿ ತಂತಿಯ ಮೂಲಕ ಹೊರಗಿನಿಂದ ನುಸುಳಿದವನು. ಸ್ಟೋಲ್ ಅವರು ಒಂದು ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಮೇಜುಗಳ ಮೇಲಿದ್ದ ಮುದ್ರಣಯಂತ್ರಗಳನ್ನೆಲ್ಲ ಹೊತ್ತು ತಂದು, ಒಳಬರುವ ಐವತ್ತರಷ್ಟು ತಂತಿಗಳಿಗೆ ಜೋಡಿಸಿ, ಮೇಜಿನ ಕೆಳಗೆ ಮಲಗಿ ಕಾದರು. ಕಳ್ಳ ಬಂದ. ಅವನು ಒತ್ತಿದ ಪ್ರತಿಯೊಂದು ಅಕ್ಷರವೂ ಕಾಗದದ ಮೇಲೆ ಅಚ್ಚಾಯಿತು. ಯಂತ್ರದಲ್ಲಿ ಐದೈದು ನಿಮಿಷಕ್ಕೊಮ್ಮೆ ತಾನೇ ನಡೆಯುವ ಒಂದು ಸಣ್ಣ ಕಾರ್ಯಕ್ರಮವಿತ್ತು. ಅದರ ಸ್ಥಾನದಲ್ಲಿ ಈ ಮನುಷ್ಯ ತನ್ನ ನಕಲಿ ಕಾರ್ಯಕ್ರಮವನ್ನು ಇಟ್ಟುಬಿಡುತ್ತಿದ್ದ. ಯಂತ್ರವು ಅದನ್ನು ತನ್ನದೆಂದೇ ತಿಳಿದು ನಡೆಸಿ, ಮನೆಯ ಬೀಗದ ಕೈಗಳನ್ನೆಲ್ಲ ಅವನಿಗೆ ಒಪ್ಪಿಸುತ್ತಿತ್ತು. ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವುದನ್ನು ನಮ್ಮ ಹಳ್ಳಿಯ ಮಕ್ಕಳೂ ಬಲ್ಲರು. ೧೯೮೯ರಲ್ಲಿ ಸ್ಟೋಲ್ ಅವರು ಈ ಪ್ರಸಂಗವನ್ನು ಪುಸ್ತಕವಾಗಿ ಬರೆದಾಗ ಅದಕ್ಕೆ ‘ದ ಕುಕೂಸ್ ಎಗ್’, ಅಂದರೆ ಕೋಗಿಲೆಯ ಮೊಟ್ಟೆ, ಎಂದೇ ಹೆಸರಿಟ್ಟರು.

ಪೊಲೀಸರಿಗೆ ಇದು ಹಿಡಿಸಲಿಲ್ಲ. ನಷ್ಟವಾದದ್ದು ಎಪ್ಪತ್ತೈದು ಸೆಂಟು ಎಂದಾಗ ಅಮೆರಿಕದ ಕೇಂದ್ರ ತನಿಖಾ ದಳದವರು ಆಸಕ್ತಿಯನ್ನೇ ತೋರಲಿಲ್ಲ. ಇತ್ತ ಕಳ್ಳನು ಸೇನೆಯ ಮತ್ತು ಸಂಶೋಧನಾಲಯಗಳ ನಾನೂರಕ್ಕೂ ಹೆಚ್ಚು ಗಣಕಗಳ ಬಾಗಿಲು ತಟ್ಟಿ, ಮೂವತ್ತರಷ್ಟನ್ನು ಹೊಕ್ಕಿದ್ದ. ಬಹುಪಾಲು ಕಡೆ ಅವನು ಯಾವ ಇಂದ್ರಜಾಲವನ್ನೂ ಮಾಡಲಿಲ್ಲ. ಯಂತ್ರದೊಂದಿಗೆ ಬಂದ ಗುಪ್ತಪದವನ್ನು ಒಡೆಯರು ಬದಲಿಸಿಯೇ ಇರಲಿಲ್ಲ, ಅಷ್ಟೆ. (ಬ್ಯಾಂಕಿನ ಗುಪ್ತಸಂಖ್ಯೆಯನ್ನು ಕಾರ್ಡಿನ ಹಿಂದೆಯೇ ಬರೆದಿಟ್ಟುಕೊಂಡಿರುವ ಹಿರಿಯ ಭಕ್ತರು ಈ ವಾಕ್ಯವನ್ನು ಎರಡು ಬಾರಿ ಓದಬೇಕು.) ಜಾಡು ಜರ್ಮನಿಯವರೆಗೆ ಹೋಗಿ ನಿಂತಿತು. ಅಲ್ಲಿನ ಹಳೆಯ ದೂರವಾಣಿ ಕೇಂದ್ರದಲ್ಲಿ ಕರೆಯ ಮೂಲವನ್ನು ತಂತ್ರಜ್ಞನು ಕಣ್ಣಿನಿಂದಲೇ ನೋಡಿ ಗುರುತಿಸಬೇಕಿತ್ತು. ಅದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಕಳ್ಳನನ್ನು ಅಷ್ಟು ಹೊತ್ತು ಕೂರಿಸುವುದು ಹೇಗೆ? ಮುಂದೆ ಸ್ಟೋಲ್ ಅವರ ಪತ್ನಿಯಾದ ಮಹಿಳೆ ಉಪಾಯ ಹೇಳಿದರು. ಕ್ಷಿಪಣಿ ರಕ್ಷಣೆಯ ಗುಟ್ಟುಗಳೆಂದು ತೋರುವ ಉದ್ದುದ್ದದ ಸುಳ್ಳು ದಾಖಲೆಗಳನ್ನು ತಯಾರಿಸಿ ಇಟ್ಟರು. ಕಳ್ಳನು ಕುಳಿತು ಓದತೊಡಗಿದ. ಅತ್ತ ಜಾಡು ಹ್ಯಾನೋವರ್ ನಗರದ ಒಬ್ಬ ಯುವಕನ ಮನೆಯನ್ನು ಮುಟ್ಟಿತು. ಅವನೂ ಅವನ ಸಂಗಡಿಗರೂ ಕದ್ದ ಮಾಹಿತಿಯನ್ನು ಸೋವಿಯತ್ ಗುಪ್ತಚರ ಸಂಸ್ಥೆಯಾದ ಕೆಜಿಬಿಗೆ ಮಾರುತ್ತಿದ್ದರೆಂಬುದು ಬಯಲಾಯಿತು. ೧೯೯೦ರಲ್ಲಿ ಜರ್ಮನ್ ನ್ಯಾಯಾಲಯವು ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು.

ಇಷ್ಟೆಲ್ಲ ಕಂಡವರು, ಬಂದ ಕೀರ್ತಿಯನ್ನು ಅನುಭವಿಸುತ್ತ ಸುಮ್ಮನಿರಬಹುದಿತ್ತು. ಆದರೆ ೧೯೯೫ರಲ್ಲಿ ಅವರು ‘ಸಿಲಿಕಾನ್ ಸ್ನೇಕ್ ಆಯಿಲ್’ ಎಂಬ ಎರಡನೆಯ ಗ್ರಂಥವನ್ನು ಪ್ರಕಟಿಸಿದರು. ಸಂತೆಯಲ್ಲಿ ಹಾವಿನ ಎಣ್ಣೆಯ ಸೀಸೆ ಹಿಡಿದು, ಇದರಿಂದ ಗುಣವಾಗದ ಕಾಯಿಲೆಯೇ ಇಲ್ಲವೆಂದು ಕೂಗುವವನನ್ನು ನೆನೆದರೆ ಈ ಹೆಸರಿನ ಇಂಗಿತ ತಿಳಿಯುತ್ತದೆ. ಅದೇ ವರ್ಷದ ಫೆಬ್ರವರಿಯಲ್ಲಿ ‘ನ್ಯೂಸ್‌ವೀಕ್’ ವಾರಪತ್ರಿಕೆಯಲ್ಲಿಯೂ ಅವರ ಒಂದು ಲೇಖನ ಬಂದಿತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲದ ಸೌಲಭ್ಯ ದೊರೆತದ್ದು ಅದೇ ೧೯೯೫ರ ಆಗಸ್ಟ್ ೧೫ರಂದು ಎಂಬುದನ್ನು ನೆನಪಿನಲ್ಲಿಟ್ಟರೆ, ನಾವು ಬಾಗಿಲು ತೆರೆಯುವ ಮೊದಲೇ ಅಲ್ಲಿನ ಅನುಭವಿಯೊಬ್ಬರು ಎಚ್ಚರಿಕೆ ಬರೆದಿಟ್ಟಿದ್ದರೆಂದಾಯಿತು.

ಅವರ ಅಭಿಪ್ರಾಯಗಳ ಸಾರವನ್ನು ಹೇಳುವುದಾದರೆ: ದಿನಪತ್ರಿಕೆಯ ಸ್ಥಾನವನ್ನು ಗಣಕವು ತುಂಬಲಾರದು. ಸಮರ್ಥ ಉಪಾಧ್ಯಾಯನ ಸ್ಥಾನವನ್ನಂತೂ ತುಂಬಲಾರದು. ಪರದೆಯ ಮೇಲೆ ಪುಸ್ತಕ ಓದುವುದು ಪ್ರಯಾಸದ ಕೆಲಸ. ಅಂತರಜಾಲದಲ್ಲಿ ವ್ಯಾಪಾರ ನಡೆಯುವುದೆಂಬ ಮಾತು ಹುರುಳಿಲ್ಲದ್ದು. ಏಕೆಂದರೆ ಹಣ ಕಳುಹಿಸಲು ನಂಬಿಗಸ್ತ ಮಾರ್ಗವಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಎದುರಿಗೆ ನಿಂತು ಮಾತನಾಡುವ ಅಂಗಡಿಯವನಿಲ್ಲ. ಅಲ್ಲಿರುವುದು ಯಾರೂ ತಿದ್ದದ, ಯಾರೂ ಸೋಸದ ಮಾಹಿತಿಯ ಸಮುದ್ರ. ಟ್ರಫಾಲ್ಗರ್ ಕದನ ನಡೆದ ತಾರೀಖನ್ನು ಅವರು ಹುಡುಕಲು ಹೋದರಂತೆ. ನೂರಾರು ಕಡತಗಳು ಬಂದವು. ಒಂದು ಶಾಲಾ ಬಾಲಕನ ಪ್ರಬಂಧ, ಇನ್ನೊಂದು ನಡೆಯದ ಆಟ, ಮತ್ತೊಂದು ಲಂಡನ್ನಿನ ಸ್ಮಾರಕದ ಚಿತ್ರ. ಕಾಲು ಗಂಟೆ ಕಳೆದರೂ ತಾರೀಖು ಸಿಗಲಿಲ್ಲ. (ಆ ಕದನ ನಡೆದದ್ದು ೧೮೦೫ರ ಅಕ್ಟೋಬರ್ ೨೧ರಂದು, ನಮ್ಮ ಹಳೆಯ ಹೈಸ್ಕೂಲಿನ ಇತಿಹಾಸದ ಮೇಷ್ಟ್ರು ಬೆತ್ತದ ಸಹಾಯದಿಂದ ಕಲಿಸಿದ್ದು ಇನ್ನೂ ನೆನಪಿದೆ.)

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ನಮ್ಮ ಪ್ರಸಾದನಿಲಯದಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ತರುಣರೊಬ್ಬರು ಸ್ಟೋಲ್ ಅವರ ಆ ಗ್ರಂಥವನ್ನು ತಂದುಕೊಟ್ಟರು. ಆಗ ಪ್ರಸಾದನಿಲಯದ ಮೇಲ್ವಿಚಾರಣೆ ನಮ್ಮ ಮೇಲಿತ್ತು. ಓದಿ ನಮಗೆ ಪರಮಾನಂದವಾಯಿತು. ನಮ್ಮ ಮನಸ್ಸಿನಲ್ಲಿದ್ದುದನ್ನೇ ಬಲ್ಲವರೊಬ್ಬರು ಬರೆದಿದ್ದರು. ದಾನಿಯೊಬ್ಬರು ಎರಡು ಗಣಕಯಂತ್ರಗಳನ್ನು ಕೊಡಿಸಲು ಮುಂದೆ ಬಂದಾಗ, ಆ ಹಣದಲ್ಲಿ ಗ್ರಂಥಾಲಯಕ್ಕೆ ಕಪಾಟುಗಳಾಗಲಿ ಎಂದು ನಾವೇ ಹಟ ಹಿಡಿದು ಸಭೆಯಲ್ಲಿ ಗೆದ್ದೆವು. ವರ್ಷಗಳು ಕಳೆದವು. ಅರ್ಜಿಗಳನ್ನು ಅಂತರಜಾಲದಲ್ಲಿಯೇ ತುಂಬಬೇಕಾದ ಕಾಲ ಬಂದಿತು. ಕೂಲಿಕಾರರ ಮಗನಾದ ಒಬ್ಬ ಬುದ್ಧಿವಂತ ಹುಡುಗ ಕೊನೆಯ ದಿನ ಹನ್ನೆರಡು ಕಿಲೋಮೀಟರು ದೂರದ ಪಟ್ಟಣಕ್ಕೆ ಹೋಗಿ, ಸೈಬರ್ ಅಂಗಡಿಯಲ್ಲಿ ವಿದ್ಯುತ್ತಿಲ್ಲದೆ ರಾತ್ರಿಯವರೆಗೆ ಕಾದು, ಬರಿಗೈಯಲ್ಲಿ ಮರಳಿದ. ಅವನಿಗೆ ಒಂದು ವರ್ಷ ನಷ್ಟವಾಯಿತು. ಅವನು ನಮ್ಮನ್ನು ದೂರಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಬಂದು, ‘ಅಪ್ಪಾವ್ರೇ, ಕಪಾಟಿನ ಕೀಲಿ ಕೊಡ್ರಿ, ಪುಸ್ತಕ ಬೇಕಾಗ್ಯಾವ’ ಎಂದು ಕೇಳಿದ. ಕೀಲಿ ಕೊಡುವಾಗ ಅವನ ಮುಖವನ್ನು ನೋಡಲು ನಮ್ಮಿಂದಾಗಲಿಲ್ಲ. ಆ ತಿಂಗಳೇ ಯಂತ್ರ ಬಂದಿತು. ತಡವಾಗಿ ಬಂದಿತು.

ಆದುದರಿಂದ ಸ್ಟೋಲ್ ಅವರ ಯಾವ ಮಾತು ಹುಸಿಯಾಯಿತು, ಯಾವುದು ಹುಸಿಯಾಗಲಿಲ್ಲ ಎಂಬ ಪ್ರಶ್ನೆ ನಮಗೆ ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಬಹಳ ಕಾಲ ಇದನ್ನು ಮನಸ್ಸಿನಲ್ಲಿ ತಿರುವಿ ಹಾಕಿದಾಗ ನಮಗೆ ತೋರಿದ್ದು ಇಷ್ಟು. ಅವರು ದೋಷವೆಂದು ತೋರಿಸಿದವುಗಳಲ್ಲಿ ಕೆಲವು ಯಂತ್ರದ ದೋಷಗಳು, ಕೆಲವು ಮನುಷ್ಯನವು. ಯಂತ್ರದ ದೋಷಗಳನ್ನು ಯಂತ್ರಜ್ಞರು ಬೇಗನೆ ತಿದ್ದಿಬಿಟ್ಟರು. ಹುಡುಕುವ ಕಷ್ಟವೆಂದರೆ, ೧೯೯೮ರಲ್ಲಿ ಗೂಗಲ್ ಸಂಸ್ಥೆ ಹುಟ್ಟಿತು. ಟ್ರಫಾಲ್ಗರಿನ ತಾರೀಖು ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದೆ. ಹಣ ಕಳುಹಿಸುವ ಮಾರ್ಗವೆಂದರೆ, ನಮ್ಮ ದೇಶದಲ್ಲಿಯೇ ೨೦೧೬ರಲ್ಲಿ ಯುಪಿಐ ವ್ಯವಸ್ಥೆ ಬಂದು, ಗುಡಿಯ ಮುಂದೆ ಹೂವು ಮಾರುವ ತಾಯಿಯ ಬುಟ್ಟಿಗೂ ಕ್ಯೂಆರ್ ಕೋಡಿನ ಚೀಟಿ ಅಂಟಿಕೊಂಡಿದೆ. ಪರದೆಯ ಮೇಲೆ ಓದುವ ಪ್ರಯಾಸವೂ ಕಡಿಮೆಯಾಯಿತು. ದೃಷ್ಟಿ ಮಂದವಾದ ನಮ್ಮಂತಹವರಿಗೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವ ಉಪಕಾರವನ್ನು ಅಚ್ಚಿನ ಪುಸ್ತಕ ಎಂದೂ ಮಾಡಿರಲಿಲ್ಲ.

ಮನುಷ್ಯನ ದೋಷಗಳ ಮಾತು ಬೇರೆ. ಯಾರೂ ತಿದ್ದದ, ಯಾರೂ ಹೊಣೆ ಹೊರದ ಮಾತು ಊರೆಲ್ಲ ಹರಿದಾಡಿದರೆ ಏನಾದೀತೆಂದು ಸ್ಟೋಲ್ ಅವರು ಕೇಳಿದ್ದರಷ್ಟೆ. ೨೦೧೮ರ ಜುಲೈ ತಿಂಗಳಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಅದು ಕಣ್ಣಿಗೆ ಬಿದ್ದಿತು. ಹೈದರಾಬಾದಿನಿಂದ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸ್‌ಆ್ಯಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಮುಂದಿನ ಊರಿನ ಜನ ದಾರಿಗಡ್ಡ ನಿಂತರು. ಅವರಲ್ಲಿ ಒಬ್ಬರು, ಗಣಕ ತಂತ್ರಜ್ಞಾನವನ್ನೇ ವೃತ್ತಿಯಾಗಿಸಿಕೊಂಡಿದ್ದ ಯುವಕ, ಜನರ ಏಟಿಗೆ ಪ್ರಾಣ ಬಿಟ್ಟರು. ಅದೇ ತಿಂಗಳು ಆ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸಲಾಗದಂತೆ ಮಿತಿ ಹಾಕಿತು. ಮಿತಿ ಯಂತ್ರಕ್ಕೆ ಬಂದಿತು. ಆದರೆ ಆ ದಿನ ಸಂದೇಶವನ್ನು ಮುಂದಕ್ಕೆ ತಳ್ಳಿದ ಬೆರಳುಗಳು ನಮ್ಮ ನಿಮ್ಮಂತಹ ಗೃಹಸ್ಥರವೇ. ತಮ್ಮ ಮಕ್ಕಳಿಗೆ ಕೇಡಾಗದಿರಲೆಂಬ ಭಯದಿಂದಲೇ ಅವರೂ ತಳ್ಳಿರಬೇಕು. ಅದನ್ನು ನೆನೆದರೆ ಹೆಚ್ಚು ಸಂಕಟವಾಗುತ್ತದೆ.

ಇನ್ನು ಪಾಠಶಾಲೆಯ ವಿಷಯ. ೧೯೯೯ರಲ್ಲಿ ಸ್ಟೋಲ್ ಅವರು ‘ಹೈ-ಟೆಕ್ ಹೆರೆಟಿಕ್’ ಎಂಬ ಮೂರನೆಯ ಗ್ರಂಥವನ್ನು ಬರೆದು, ತರಗತಿಯೊಳಗೆ ಗಣಕಕ್ಕೆ ಸ್ಥಳವಿಲ್ಲವೆಂದರು. ಅಷ್ಟು ಕಟುವಾಗಿ ಹೇಳಬೇಕಾಗಿರಲಿಲ್ಲವೆಂದು ನಮ್ಮ ಅಭಿಪ್ರಾಯ. ಆ ಹುಡುಗನ ಮುಖ ನಮ್ಮ ಕಣ್ಣ ಮುಂದಿದೆ. ಆದರೆ ೨೦೨೦ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಏನಾಯಿತು? ಅಂಗೈಯಲ್ಲಿ ಪಾಠ ಬಂದಿತು, ನಿಜ. ಒಂದೇ ಮೊಬೈಲಿಗೆ ಮೂವರು ಮಕ್ಕಳಿದ್ದ ಮನೆಗಳೂ, ಮೊಬೈಲೇ ಇಲ್ಲದ ಮನೆಗಳೂ ಲೆಕ್ಕಕ್ಕೆ ಸಿಗದಷ್ಟಿದ್ದವು. ಕಡೆಗೆ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಉಪಾಧ್ಯಾಯರು ‘ವಿದ್ಯಾಗಮ’ ಯೋಜನೆಯಡಿ ಹಳ್ಳಿಹಳ್ಳಿಗೆ ನಡೆದುಹೋಗಿ, ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಸೋಂಕಿನ ಭಯದಿಂದ ಆ ವರ್ಷದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಪರದೆಯ ಪಾಠಕ್ಕೆ ಅಂತಹ ಭಯವಿರಲಿಲ್ಲ; ಆದರೂ ತಂದೆತಾಯಿಗಳು ಕೇಳುತ್ತಿದ್ದುದು ಮೇಷ್ಟ್ರು ಯಾವಾಗ ಬರುತ್ತಾರೆ ಎಂದೇ.

ಈಗ ಸ್ಟೋಲ್ ಅವರ ಕಥೆಯ ಉಳಿದ ಭಾಗ. ೨೦೧೦ರಲ್ಲಿ ಯಾರೋ ಅವರ ಹಳೆಯ ‘ನ್ಯೂಸ್‌ವೀಕ್’ ಲೇಖನವನ್ನು ಹೊರತೆಗೆದು ನಾಲ್ಕು ಜನರ ಮುಂದೆ ಇಟ್ಟು ನಕ್ಕರು. ಸ್ಟೋಲ್ ಅವರು ವಾದಕ್ಕೆ ನಿಲ್ಲಲಿಲ್ಲ. ನನ್ನನ್ನು ತಪ್ಪಾಗಿ ತಿಳಿದಿರಿ ಎಂದೂ ಹೇಳಲಿಲ್ಲ. ತಾವು ಮಾಡಿದ ಅನೇಕ ತಪ್ಪುಗಳಲ್ಲಿ ಇಷ್ಟು ಬಹಿರಂಗವಾದದ್ದು ಕಡಿಮೆ ಎಂದು ಒಪ್ಪಿಕೊಂಡರು. ಅಂದಿನಿಂದ ಯಾವುದನ್ನಾದರೂ ಖಚಿತವಾಗಿ ಬಲ್ಲೆನೆಂದು ಅನ್ನಿಸಿದಾಗಲೆಲ್ಲ, ಇದೂ ತಪ್ಪಿರಬಹುದೆಂದು ತಮಗೆ ತಾವೇ ಹೇಳಿಕೊಳ್ಳುವುದಾಗಿ ಬರೆದರು. ಎಪ್ಪತ್ತೈದು ಸೆಂಟಿನ ತಪ್ಪನ್ನು ಬಿಡದವರು ತಮ್ಮ ಲೆಕ್ಕದ ತಪ್ಪನ್ನೂ ಖಾತೆಗೆ ಬರೆದುಕೊಂಡರು.

ಅವರ ಈಚಿನ ಜೀವನೋಪಾಯವನ್ನು ಕೇಳಿದರೆ ತಮಗೆ ನಗು ಬಂದೀತು. ಅಂತರಜಾಲದಲ್ಲಿ ವ್ಯಾಪಾರ ಸಾಧ್ಯವಿಲ್ಲವೆಂದವರು ಓಕ್ಲ್ಯಾಂಡ್ ನಗರದ ತಮ್ಮ ಮನೆಯಿಂದ ಅಂತರಜಾಲದ ಮೂಲಕವೇ ಗಾಜಿನ ಸೀಸೆಗಳನ್ನು ಮಾರುತ್ತ ಬಂದಿದ್ದಾರೆ. ಅವು ಸಾಮಾನ್ಯ ಸೀಸೆಗಳಲ್ಲ. ಜರ್ಮನ್ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅವರು ೧೮೮೨ರಲ್ಲಿ ವರ್ಣಿಸಿದ, ಒಳಗು ಹೊರಗು ಎಂಬ ಭೇದವಿಲ್ಲದ ಆಕೃತಿಯ ಸೀಸೆಗಳು. ಮನೆಯ ಅಡಿಯ ಇಕ್ಕಟ್ಟಿನ ಜಾಗದಲ್ಲಿ ನೂರಾರು ಪೆಟ್ಟಿಗೆಗಳನ್ನು ಪೇರಿಸಿಟ್ಟು, ಅವನ್ನು ಹೊರತರಲು ತಾವೇ ಒಂದು ಪುಟ್ಟ ಚಕ್ರದ ಯಂತ್ರವನ್ನು ಕಟ್ಟಿಕೊಂಡಿದ್ದಾರೆ. ಮೇಲೆ ಕುಳಿತು ಗುಂಡಿಯೊತ್ತಿ ಅದನ್ನು ನಡೆಸುವಾಗ ಅವರ ಮುಖದಲ್ಲಿ ಆರು ವರ್ಷದ ಬಾಲಕನ ಸಂತೋಷವಿರುತ್ತದೆ.

ಈ ದೃಶ್ಯವನ್ನು ನಮಗೆ ತೋರಿಸಿದವರು ಪ್ರಸಾದನಿಲಯದ ಹುಡುಗರು, ಅದೇ ತಡವಾಗಿ ಬಂದ ಗಣಕದ ಕೋಣೆಯಲ್ಲಿ. ಸೀಸೆಯ ತತ್ತ್ವ ಅರ್ಥವಾಗಲಿಲ್ಲವೆಂದಾಗ ಒಬ್ಬನು ಹಳೆಯ ದಿನಪತ್ರಿಕೆಯಿಂದ ಉದ್ದನೆಯ ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಅರ್ಧ ತಿರುಚಿ ಇನ್ನೊಂದಕ್ಕೆ ಅಂಟಿಸಿ, ಇದು ಆ ಸೀಸೆಯ ತಮ್ಮ ಎಂದು ನಮ್ಮ ಕೈಗಿತ್ತ. ಪೆನ್ಸಿಲನ್ನು ಎತ್ತದೆ ಗೆರೆ ಎಳೆಯುತ್ತ ಹೋದರೆ ಎರಡು ಮಗ್ಗುಲೂ ಮುಗಿದು, ಹೊರಟಲ್ಲಿಗೇ ಬಂದು ನಿಂತಿತು. ಎಲ್ಲರಿಗಿಂತ ಚಿಕ್ಕವನಾದ ಐದನೆಯ ತರಗತಿಯ ಹುಡುಗ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿ, ತನ್ನ ಹೆಸರನ್ನು ಯಾವ ಮಗ್ಗುಲಿಗೆ ಬರೆಯಲಿ ಎಂದು ಕೇಳಿದ.