ಕಪ್ಪುಹಲಗೆಯ ಮೇಲೆ ನಾಲ್ಕು ಚೌಕ

ಈಗಿನ ಮಕ್ಕಳಿಗೆ ಫೋನಿನ ವಿಚಾರ ಯಾರೂ ಹೇಳಿಕೊಡಬೇಕಾಗಿಲ್ಲ ಎನ್ನುತ್ತಾರೆ. ಫೋನು ಬಳಸುವುದು ಅವರಿಗೆ ಗೊತ್ತು, ನಿಜ. ಅದರಲ್ಲಿ ಬಂದದ್ದನ್ನು ಒರೆಗೆ ಹಚ್ಚುವುದು ಗೊತ್ತಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು 3,446 ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಕಳ್ಳಮತ ತುರುಕುವ ವಿಡಿಯೊ ತೋರಿಸಿದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದನ್ನು ತಮ್ಮ ದೇಶದ ಚುನಾವಣಾ ಅಕ್ರಮಕ್ಕೆ ಬಲವಾದ ಸಾಕ್ಷಿ ಎಂದು ನಂಬಿದರು. ವಿಡಿಯೊ ರಷ್ಯಾದ್ದು. ಇಂಟರ್ನೆಟ್ ಎದುರಿಗೇ ಇದ್ದರೂ ಮೂಲ ಪತ್ತೆಹಚ್ಚಿದವರು ಮೂವರು!

ವಿಡಿಯೊ ಕಣ್ಣಾರೆ ಕಂಡ ಸಾಕ್ಷಿ ಎಂಬ ಭ್ರಮೆಗೆ ನಮ್ಮಲ್ಲಿ ಜೀವಗಳೇ ಹೋಗಿವೆ. 2018ರಲ್ಲಿ ಹರಿದಾಡಿದ ಮಕ್ಕಳ ಕಳ್ಳರ ವಿಡಿಯೊ ಕರಾಚಿಯ ಜಾಗೃತಿ ಚಿತ್ರ. ಬೈಕಿನಲ್ಲಿ ಎತ್ತಿಕೊಂಡು ಹೋದ ಮಗುವನ್ನು ಮರಳಿ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು.

ಬಂದದ್ದನ್ನು ಒರೆಗೆ ಹಚ್ಚುವುದನ್ನು ಕಲಿಸಲು ಕಂಪ್ಯೂಟರ್ ಲ್ಯಾಬ್ ಬೇಕು ಎಂಬ ಮಾತನ್ನು ನಾನು ಒಪ್ಪಲಾರೆ. ನಮ್ಮ ಚಾಮರಾಜನಗರ ಜಿಲ್ಲೆಯ ಉಮ್ಮತ್ತೂರಿನಂಥ ಊರಿನ ಶಾಲೆಗೆ ಸೀಮೆಸುಣ್ಣವೇ ಸಾಕು, ಪಾಠವೂ ಜಿಲ್ಲೆಯಲ್ಲೇ ಇದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ನಮ್ಮ ಜಿಲ್ಲೆಗೆ ಅಂಟಿದ ಕಳಂಕ. ಬಂದು ಹೋದ ಮೇಲೆ ಅಧಿಕಾರ ಕಳೆದುಕೊಂಡವರ ಪಟ್ಟಿಯನ್ನು ಎಲ್ಲರೂ ಒಪ್ಪಿಸುತ್ತಾರೆ. ಹಲಗೆಯ ಮೇಲೆ ನಾಲ್ಕು ಚೌಕ ಬರೆಯಿರಿ: ಬಂದರು, ಕಳೆದುಕೊಂಡರು; ಬಂದರು, ಉಳಿಸಿಕೊಂಡರು; ಬರಲಿಲ್ಲ, ಕಳೆದುಕೊಂಡರು; ಬರಲಿಲ್ಲ, ಉಳಿಸಿಕೊಂಡರು. ವದಂತಿ ತುಂಬುವುದು ಮೊದಲ ಚೌಕವನ್ನು ಮಾತ್ರ. ಸಿದ್ದರಾಮಯ್ಯ 2013ರಿಂದ 2018ರವರೆಗೆ ಪೂರ್ತಿ ಐದು ವರ್ಷ ಆಳಿದರು, ಚಾಮರಾಜನಗರಕ್ಕೆ ಹಲವು ಸಲ ಬಂದರು, ಅವರು ಎರಡನೆಯದಕ್ಕೆ. 2008ರಲ್ಲಿ ಗದ್ದುಗೆ ಏರಿದ ಯಡಿಯೂರಪ್ಪ ಇತ್ತ ಬರಲಿಲ್ಲ, ಆದರೂ 2011ರಲ್ಲಿ ಇಳಿಯಬೇಕಾಯಿತು, ಅವರು ಮೂರನೆಯದಕ್ಕೆ. ಐದು ವರ್ಷ ಪೂರೈಸುವ ಮುಖ್ಯಮಂತ್ರಿಗಳೇ ಕರ್ನಾಟಕದಲ್ಲಿ ವಿರಳ ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ಔಷಧಿಯ ಜಾಹೀರಾತನ್ನೂ ಇದೇ ಚೌಕಗಳಲ್ಲಿಟ್ಟು ನೋಡಬಹುದು: ಕುಡಿದು ವಾಸಿಯಾದವರಷ್ಟೇ ಮಾತಾಡುತ್ತಾರೆ.

ಹುಡುಕಿದಾಗ ಮೊದಲು ಬಂದದ್ದೇ ಸರಿ ಎಂಬುದು ಇನ್ನೊಂದು ನಂಬಿಕೆ. ಮೊದಲ ಫಲಿತಾಂಶ ಕೆಲವೊಮ್ಮೆ ಹಣ ಕೊಟ್ಟ ಜಾಹೀರಾತು. ಈ ನಂಬಿಕೆಯನ್ನು ಪರೀಕ್ಷಿಸಲು, ಕೃಷ್ಣದೇವರಾಯ ಸೋಲಿಸಿದ ಉಮ್ಮತ್ತೂರಿನ ಪಾಳೆಯಗಾರರ ಬಗ್ಗೆ ಜಾಲದಲ್ಲಿ ಸಿಕ್ಕಿದ್ದನ್ನು ಮಕ್ಕಳು ಬರೆದುಕೊಳ್ಳಲಿ. ಚಾಮರಾಜನಗರ ತಾಲ್ಲೂಕಿನ ಶಾಸನಗಳು ಬಿ.ಎಲ್. ರೈಸ್ 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿವೆ. ಬರೆದುಕೊಂಡ ಒಂದೊಂದು ವಾಕ್ಯವನ್ನೂ ಅಲ್ಲಿ ಹುಡುಕಿ, ಸಿಗದಿದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಲಿ.